ಬಿರಾಗೊ ಇಟ್ಟ ದೊಡ್ಡಾಣೆ

ಬಿರಾಗೊ ಬರೆದುಕೊಟ್ಟ ಭಾಷಣ ಹನ್ನೊಂದು ಹಾಳೆ ಇತ್ತು. ವಾಪಸು ಬಂದಾಗ ಕೆಂಪು ಗೀಟು ಬೀಳದೆ ಉಳಿದದ್ದು ಮೂರು ಹಾಳೆ ಮಾತ್ರ.

ಗೀಟು ಎಳೆದವನು ಅವಳ ಸೋದರಮಾವ ಬುವಾಚಿ. ಅಸಾಂಟೆ ಸೀಮೆಯ ಅಕ್ರೋಮಾಸೊ ಊರಿನ ಹಬ್ಬದ ಸಮಿತಿಗೆ ಈ ವರ್ಷ ಅವನೇ ಅಧ್ಯಕ್ಷ. ಅವರ ಮನೆತನದ ಯಜಮಾನನೂ ಅವನೇ. ತಾಯಿಯಿಂದ ಮಗಳಿಗೆ ಇಳಿದು ಬರುವ ನೆಲ, ಯಾರ ಮದುವೆ, ಯಾರ ಮಣ್ಣು, ಎಲ್ಲಕ್ಕೂ ಅವನ ಮಾತೇ ಕಡೆಯ ಮಾತು. ಅಪ್ಪ ಸತ್ತ ಮೇಲೆ ಬಿರಾಗೊಳನ್ನು ಓದಿಸಿದವನೂ ಅವನೇ ಆದ್ದರಿಂದ, ನಲವತ್ತೆರಡರ ಈ ವಯಸ್ಸಿನಲ್ಲೂ ಅವನ ಜಗಲಿ ಹತ್ತುವಾಗ ಅವಳು ಚಪ್ಪಲಿ ಕೆಳಗೆ ಬಿಟ್ಟು ಹತ್ತುತ್ತಿದ್ದಳು.

ಈ ಸಲದ ಹಬ್ಬಕ್ಕೆ ‘ನಮ್ಮ ವೀರ ಮಹಿಳೆಯರು’ ಎಂದು ಹೆಸರಿಟ್ಟದ್ದು ಸಮಿತಿ. ಹುಡುಗಿಯರ ಹೈಸ್ಕೂಲಿನಲ್ಲಿ ಹದಿನೈದು ವರ್ಷದಿಂದ ಇತಿಹಾಸ ಕಲಿಸುವ ಬಿರಾಗೊಳೇ ಭಾಷಣ ಮಾಡಲಿ ಎಂದು ಹಟ ಹಿಡಿದವನು ಬುವಾಚಿ. ಅವಳು ಎರಡು ತಿಂಗಳು ಕೂತು ಬರೆದಳು. ನಾಲ್ವರನ್ನು ಅಕ್ಕಪಕ್ಕ ನಿಲ್ಲಿಸಿದಳು. ಬ್ರಿಟಿಷ್ ಗವರ್ನರನು ಕುಮಾಸಿಗೆ ಬಂದು ಅಸಾಂಟೆ ಜನರ ಪವಿತ್ರ ಚಿನ್ನದ ಪೀಠ ತಂದುಕೊಡಿ ಎಂದಾಗ ಬಂದೂಕು ಎತ್ತಿದ ತಮ್ಮವಳೇ ಆದ ಯಾ ಅಸಾಂತೆವಾ; ಪೋರ್ಚುಗೀಸರ ವಿರುದ್ಧ ದಶಕಗಳ ಕಾಲ ಸೆಣಸಿದ ನ್ಝಿಂಗಾ ರಾಣಿ; ಬ್ರಿಟಿಷರು ನೇಣಿಗೆ ಹಾಕಿದ ಷೋನಾ ಜನರ, ಮೈಮೇಲೆ ದೇವರು ಬರುತ್ತಿದ್ದ ಹೆಂಗಸು ನೆಹಾಂಡಾ; ನಾಲ್ಕನೆಯದಾಗಿ ಒಬ್ಬಳಲ್ಲ, ಒಂದು ದಂಡೇ: ಫ್ರೆಂಚರ ತೋಪಿನೆದುರು ಹೋಗಿ ನಿಂತ ದಾಹೋಮಿಯ ಹೆಣ್ಣು ಸೈನಿಕರು. ಒಬ್ಬೊಬ್ಬರ ಬಗ್ಗೆಯೂ ಅವೇ ಮೂರು ಪ್ರಶ್ನೆ ಕೇಳಿದ್ದಳು. ಯಾವುದಕ್ಕಾಗಿ ಎದ್ದಳು? ಅವಳು ಎದ್ದಾಗ ಅವಳ ಮನೆಯ ಗಂಡಸರು ಏನು ಮಾಡುತ್ತಿದ್ದರು? ಕೊನೆಗೆ ಏನಾದಳು?

ಕೆಂಪು ಗೀಟು ಹೆಚ್ಚಾಗಿ ಬಿದ್ದದ್ದು ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ. ನ್ಝಿಂಗಾ ಸೆರೆಸಿಕ್ಕವರನ್ನು ಮಾರಿದಳೆಂಬ ಮಾತಿಗೂ ದಾಹೋಮಿಯ ಹೆಂಗಸರು ಜನರನ್ನು ಹಿಡಿದು ತಂದರೆಂಬ ಮಾತಿಗೂ ಗೀಟು. ಹಿರಿಯರು ತಲೆ ತಗ್ಗಿಸಿ ಕೂತಿದ್ದ ಸಭೆಯಲ್ಲಿ ಅರವತ್ತರ ಹೆಂಗಸೊಬ್ಬಳು ಎದ್ದು ನಿಂತ ಕಥೆಗೆ ಅಡ್ಡಡ್ಡ ಎರಡು ಗೀಟು. ಪಕ್ಕದಲ್ಲಿ ಮಾವನ ದುಂಡು ಅಕ್ಷರ: ‘ಯಾ ಅಸಾಂತೆವಾ ಆಫ್ರಿಕಾದ ಜೋನ್ ಆಫ್ ಆರ್ಕ್ ಎಂದು ಸೇರಿಸು. ಅತಿಥಿಗಳಿಗೆ ಅರ್ಥವಾಗಬೇಕು.’

ಬಿರಾಗೊ ಹಾಳೆ ಹಿಡಿದುಕೊಂಡೇ ಮಾವನ ಮನೆಗೆ ಹೋದಳು. ಅಂಗಳದಲ್ಲಿ ಅವನ ಹೆಂಡತಿ ಬೇಯಿಸಿದ ಮರಗೆಣಸನ್ನು ಕುಟ್ಟಿ ಫುಫು ಮುದ್ದೆ ಮಾಡುತ್ತಿದ್ದಳು. ಬುವಾಚಿ ಜಗಲಿಯ ಮೇಲೆ ಒರಗು ಕುರ್ಚಿಯಲ್ಲಿದ್ದ.

“ಏನಮ್ಮಾ ಮೇಡಂ, ಮುಖ ಯಾಕೆ ಸುಟ್ಟ ಗೆಣಸು ಆಗಿದೆ?” ಎಂದ.

“ಮಾವ, ಅವಳನ್ನ ಫ್ರಾನ್ಸಿನವಳ ಹೆಸರಿಂದ ಯಾಕೆ ಕರೀಬೇಕು? ಅವರೇನಾದ್ರೂ ತಮ್ಮ ಜೋನಮ್ಮನ್ನ ಯುರೋಪಿನ ಯಾ ಅಸಾಂತೆವಾ ಅಂತಾರಾ?”

ಬುವಾಚಿ ಹೊಟ್ಟೆ ಕುಲುಕಿಸಿ ನಕ್ಕ. “ಕೇಳೇ ಇವಳ ಮಾತ! ಅತಿಥಿಗಳು ಹೊರಗಿನವರು ತಾಯೀ. ಶಾಮಿಯಾನ ಅವರದ್ದು, ಮೈಕು ಅವರದ್ದು, ನಿನ್ನ ಹುಡುಗೀರ ವೇಷದ ಬಟ್ಟೆನೂ ಅವರದ್ದೇ. ಎರಡು ಒಳ್ಳೆ ಮಾತು ಹೇಳಿದ್ರೆ ನಿನ್ನ ನಾಲಿಗೆ ಸವೆಯುತ್ತಾ?”

“ಯಾರವರು?”

“ಕಂಪನಿಯವರು.”

“ಯಾವ ಕಂಪನಿ ಮಾವ?”

“ಹಬ್ಬಕ್ಕೆ ಬಂದಾಗ ನೀನೇ ನೋಡ್ತೀಯ. ಈಗ ಕೂತ್ಕೋ, ಊಟ ಮಾಡ್ಕೊಂಡು ಹೋಗು,” ಎಂದು ಬುವಾಚಿ ಹೆಂಡತಿಯ ಕಡೆ ತಿರುಗಿದ.

ಬೇವಿನ ಮರದ ಕೆಳಗೆ ಹೊಸ ಪಿಕಪ್ ಗಾಡಿ ನಿಂತಿತ್ತು. ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಬಿರಾಗೊ ಅದನ್ನು ನೋಡಿದಳು, ಏನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಆಮೇಲೆ ತನ್ನ ಮೇಲೇ ಸಿಟ್ಟು ಮಾಡಿಕೊಂಡಳು.

ಎರಡು ದಿನ ಬಿಟ್ಟು ಶನಿವಾರ ಬೆಳಗ್ಗೆ ಅವಳ ತಾಯಿ ಅಮ್ಮಾಕೊವಾ ತೋಟದಿಂದ ಬರಿಗೈಯಲ್ಲಿ ಬಂದಳು. ಬುಟ್ಟಿಯಲ್ಲಿ ಒಂದು ಬಾಳೆಕಾಯಿಯೂ ಇರಲಿಲ್ಲ. ಕೊಡಲಿಯನ್ನು ಬಾಗಿಲ ಮೂಲೆಗೆ ಒರಗಿಸಿ, ಮಣೆಯ ಮೇಲೆ ಕೂತು, ಸುಮ್ಮನೆ ಕಾಲು ಒರೆಸಿಕೊಳ್ಳುತ್ತಿದ್ದಳು.

“ಏನಾಯ್ತಮ್ಮಾ?”

“ಏನಿಲ್ಲ. ಮರಗಳಿಗೆ ಬಣ್ಣ ಬಳಿದಿದಾರೆ.”

“ಯಾವ ಮರಕ್ಕೆ?”

“ನಮ್ಮ ಕೋಕೋ ಮರಕ್ಕೆ. ಕೆಂಪು ಬಣ್ಣ. ಹೊಳೆಯಿಂದ ಹಿಡಿದು ನಿಮ್ಮಜ್ಜಿ ನೆಟ್ಟ ಸಾಲಿನವರೆಗೂ ಗೂಟ ಹೊಡೆದಿದಾರೆ. ನಿನ್ನ ಮಾವ ಹೇಳಿದಾನೆ, ಇನ್ನು ಆ ಕಡೆ ಹೋಗ್ಬೇಡ ಅಂತ.”

ಮಾವ ಹೇಳಿದ ಕಂಪನಿ ಯಾವುದೆಂದು ಬಿರಾಗೊಳಿಗೆ ಈಗ ತಿಳಿಯಿತು. ಅನ್ಸುಮ ಹೊಳೆಯ ಮೇಲ್ಗಡೆಯ ಊರುಗಳಲ್ಲಿ ಚಿನ್ನಕ್ಕಾಗಿ ಅಗೆಯಲು ಶುರುಮಾಡಿ ಮೂರು ವರ್ಷವಾಗಿತ್ತು. ಅಲ್ಲಿಂದ ಇಳಿದು ಬರುವ ನೀರು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಪಾದರಸ ಕಲಸಿದ ಆ ನೀರಿನಲ್ಲಿ ಮೀನೆಂಬುದೇ ಉಳಿದಿರಲಿಲ್ಲ. ಶಾಲೆಯ ಹುಡುಗಿಯರು ಪ್ಯಾಕೆಟ್ ನೀರು ಕೊಂಡು ಕುಡಿಯುತ್ತಿದ್ದರು. ಕೊಳ್ಳಲಾಗದವರ ಮೊಣಕೈ, ಬೆರಳ ಸಂದಿಯಲ್ಲಿ ಕಜ್ಜಿ.

“ನಿನ್ನ ಒಂದು ಮಾತು ಕೇಳಿದ್ನಾ ಅವನು?” ಎಂದು ಬಿರಾಗೊ ಕಿರುಚಿದಳು. “ಆ ತೋಟದಲ್ಲಿ ಐವತ್ತು ವರ್ಷ ಸೊಂಟ ಬಗ್ಗಿಸಿದವಳು ನೀನು! ಕೇಳಿದ್ನಾ?”

“ಕೂಗಬೇಡ. ಅವನು ನಮ್ಮಣ್ಣ. ಏನಾದ್ರೂ ಯೋಚನೆ ಮಾಡಿಯೇ ಮಾಡಿರ್ತಾನೆ.”

“ಅಮ್ಮಾ!”

“ನಿನ್ನನ್ನ ಓದಿಸಿದವನು ಅವನು,” ಎಂದಳು ತಾಯಿ ತಲೆ ಎತ್ತದೆ. “ಅದನ್ನ ಮರೀಬೇಡ.”

ಆ ಮಾತು ಬಿರಾಗೊಳ ಎದೆಗೆ ಚುಚ್ಚಿತು. ಅವಳು ಉಟ್ಟ ಬಟ್ಟೆಯಲ್ಲೇ ಹೊರಟಳು. ಮಾವನ ಜಗಲಿಯನ್ನು ಈ ಸಲ ಚಪ್ಪಲಿ ಹಾಕಿಕೊಂಡೇ ಹತ್ತಿದಳು.

“ಸಹಿ ಹಾಕಿದ್ಯಾ ಮಾವ?”

ಬುವಾಚಿ ಅವಳ ಕಾಲು ನೋಡಿದ. ಮುಖ ಗಂಟಿಕ್ಕಿದ. “ಹಾಕಿದೆ. ಈ ಮನೆತನದ ಯಜಮಾನ ನಾನು. ನಿನ್ನ ಅಪ್ಪಣೆ ತಗೊಂಡು ಹಾಕಬೇಕಿತ್ತಾ?”

“ನೆಲ ನಿನ್ನದಲ್ಲ. ಅಜ್ಜೀದು, ಅಮ್ಮಂದು, ನನ್ನದು. ಮನೆತನದ ಹೆಣ್ಣುಮಕ್ಕಳ ಒಪ್ಪಿಗೆ ಇಲ್ಲದೆ ಒಂದು ಬೊಗಸೆ ಮಣ್ಣು ಕೊಡೋ ಹಾಗಿಲ್ಲ. ಇದು ನಿನಗೆ ಗೊತ್ತಿಲ್ವಾ?”

“ಅಗೋ, ಪಾಠ ಶುರುವಾಯ್ತು! ಮೇಲ್ಗಡೆಯವರೆಲ್ಲ ಅಗೆದು ನೀರು ಹಾಳಾಗಿ ಹೋಗಿದೆ. ನಾವೊಬ್ಬರು ಬಿಟ್ಟರೆ ಹೊಳೆ ತಿಳಿಯಾಗುತ್ತಾ? ಕೋಕೋ ಮರಕ್ಕೆ ವಯಸ್ಸಾಯ್ತು. ಅಮ್ಮಾಕೊವಾಗೂ ವಯಸ್ಸಾಯ್ತು. ನೀನು ಸ್ಕೂಲು ಬಿಟ್ಟು ಬಂದು ಅಗತೆ ಮಾಡ್ತೀಯಾ?”

“ಮಾಡ್ತೀನೋ ಬಿಡ್ತೀನೋ, ಕೇಳಬೇಕಿತ್ತು.”

“ಕೇಳ್ತಾ ಕೂತ್ರೆ ಯಾವ ಕೆಲಸವೂ ಆಗಲ್ಲ. ನೋಡು, ಭಾಷಣ ಬರೆದು ಬರೆದು ನೀನೇ ಯಾ ಅಸಾಂತೆವಾ ಅಂದ್ಕೊಂಡಿದೀಯ. ಬಂದೂಕು ತಂದಿದೀಯಾ? ಇಲ್ಲ ತಾನೇ? ಮನೆಗೆ ಹೋಗಿ ಆ ಮೂರು ಹಾಳೆ ಸರಿಯಾಗಿ ಓದಿ ಅಭ್ಯಾಸ ಮಾಡು.”

ಅವನ ಹೆಂಡತಿ ಒಳಗಿಂದ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಬಿರಾಗೊ ಮೆಟ್ಟಿಲಿಳಿದಳು. ಮನೆಗೆ ಹೋಗದೆ, ರಾಜಮಾತೆಯ ಅಂಗಳಕ್ಕೆ ಹೋದಳು.

ಅಕ್ರೋಮಾಸೊದ ರಾಜಮಾತೆ ನಾನಾ ದುಫಿಯೆಗೆ ಎಂಬತ್ತೊಂದು ವರ್ಷ. ‘ನಾನಾ’ ಎಂಬುದು ಅರಸನನ್ನೂ ರಾಜಮಾತೆಯನ್ನೂ ಕರೆಯುವ ಗೌರವದ ಮಾತು. ಊರ ಅರಸನ ತಾಯಿ ಅಲ್ಲ ಆಕೆ, ದೊಡ್ಡಮ್ಮ. ಅವನ ಹೆಸರು ಹೇಳಿ ಪೀಠದ ಮೇಲೆ ಕೂರಿಸಿದವಳು ಆಕೆಯೇ. ಬಿರಾಗೊ ಹೋದಾಗ ಮುದುಕಿ ಮೊರದಲ್ಲಿ ಕಡಲೆಕಾಯಿ ಬೀಜ ಆರಿಸುತ್ತಿದ್ದಳು. ಪಕ್ಕದಲ್ಲಿ ಒಂದು ಮರದ ಬಂದೂಕು, ತಾಯಿತಗಳನ್ನು ಹೊಲಿದ ಹೊಸ ಯುದ್ಧದಂಗಿ.

“ನೋಡು ಮಗಳೇ, ನಿನ್ನ ಮಾವ ಕಳಿಸಿದಾನೆ,” ಎಂದು ನಾನಾ ದುಫಿಯೆ ಬಂದೂಕನ್ನು ಕಾಲಿನಿಂದ ತಳ್ಳಿದಳು. “ಹಬ್ಬದ ದಿನ ಇದನ್ನ ಹಾಕ್ಕೊಂಡು, ಇದನ್ನ ಹಿಡ್ಕೊಂಡು, ಲಾರಿ ಮೇಲೆ ಕೂರಬೇಕಂತೆ. ಫೋಟೋ ತೆಗೀತಾರಂತೆ. ಬಾಯಲ್ಲಿ ಹಲ್ಲಿಲ್ಲ, ಕೈಯಲ್ಲಿ ಆಟದ ಸಾಮಾನು. ಮೊನ್ನೆ ಹೊಳೆ ವಿಷಯ ಮಾತಾಡ್ಬೇಕು ಅಂತ ಸಭೆಗೆ ಹೇಳಿಕಳಿಸಿದೆ. ನಾನಾಗೆ ಮೈ ಹುಷಾರಿಲ್ಲ, ವಿಶ್ರಾಂತಿ ತಗೊಳ್ಳಲಿ ಅಂದ್ರಂತೆ!”

ಬಿರಾಗೊ ಮಂಡಿಯೂರಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತಾ ಅಳು ಬಂತು. ಅಳುತ್ತಿದ್ದೇನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಮುದುಕಿ ಸಮಾಧಾನ ಮಾಡಲಿಲ್ಲ. “ಗೀಟು ಹಾಕಿದಾನೆ ಅಂದ್ಯಲ್ಲ, ಆ ಹಾಳೆ ಓದು,” ಎಂದಳು.

ಬಿರಾಗೊ ಓದಿದಳು. ಬೀಜ ಆರಿಸುತ್ತಲೇ ನಾನಾ ದುಫಿಯೆ ಕೇಳಿದಳು. ನಡುನಡುವೆ ಕೈ ನಿಲ್ಲುತ್ತಿತ್ತು.

“ಆ ನ್ಝಿಂಗಾ ಒಳ್ಳೆ ಹೆಂಗಸೇನಲ್ಲ,” ಎಂದಳು ಒಮ್ಮೆ.

“ಅಲ್ಲ ನಾನಾ. ಜನರನ್ನ ಮಾರಿದಾಳೆ. ಬಿಳಿಯರ ವಿರುದ್ಧ ಹೋರಾಡಿದ್ದೂ ನಿಜ, ಬಿಳಿಯರಿಗೆ ಮಾರಿದ್ದೂ ನಿಜ.”

“ಹೂಂ. ಆದ್ರೆ ಮಾತುಕತೆಗೆ ಹೋದಾಗ ನೆಲದ ಮೇಲೆ ಕೂರ್ಲಿಲ್ಲ ಅಂದ್ಯಲ್ಲ?”

“ಕುರ್ಚಿ ಇಟ್ಟಿರ್ಲಿಲ್ಲ. ಜೊತೆಯವರೊಬ್ಬರ ಬೆನ್ನ ಮೇಲೆ ಕೂತ್ಳು.”

“ಆ ಬೆನ್ನು ಕೊಟ್ಟವರ ಹೆಸರು ಬರೆದಿದಾರಾ?”

“ಇಲ್ಲ ನಾನಾ.”

“ಅದನ್ನೂ ಹೇಳು ಮಕ್ಕಳಿಗೆ,” ಎಂದಳು ಮುದುಕಿ. ಮತ್ತೆ ಬೀಜಕ್ಕೆ ಕೈಹಾಕಿ, “ನಿನ್ನ ನಾಲ್ವರಲ್ಲಿ ಯಾರು ದೊಡ್ಡವರು ಅನ್ನೋದು ನಂಗೆ ಬೇಡ. ಒಬ್ಬಳು ಹಾಸಿಗೇಲಿ ಸತ್ತಳು, ಒಬ್ಬಳು ನೇಣಲ್ಲಿ, ದಂಡಿನೋರು ತೋಪಿನ ಮುಂದೆ, ನಮ್ಮವಳು ಗಡೀಪಾರಾಗಿ ದೂರದ ದ್ವೀಪದಲ್ಲಿ. ಸತ್ತ ಮೇಲೆ ನೋಡು, ಎಲ್ಲರನ್ನೂ ಮೆರವಣಿಗೆ ಮಾಡ್ತಾರೆ. ಸತ್ತವಳು ನಮ್ಮ ತೋಟ ಯಾಕೆ ಮಾರಿದೆ ಅಂತ ಕೇಳಲ್ಲ. ಬದುಕಿದ್ದವಳಿಗೆ ವಿಶ್ರಾಂತಿ ತಗೋ ಅಂತಾರೆ,” ಎಂದಳು.

“ನೀವು ಎದ್ದು ನಿಲ್ಲಿ ನಾನಾ. ನಿಮ್ಮ ಮಾತು ಯಾರು ಮೀರ್ತಾರೆ?”

“ನಾನು ಎದ್ರೆ ಅದು ನನಗೂ ಅರಸನಿಗೂ ಜಗಳ ಅಂತಾಗುತ್ತೆ. ಅವನ ಪೀಠ ಅಲ್ಲಾಡುತ್ತೆ. ಅದಕ್ಕೇ ಕಾಯ್ತಾ ಇರೋರು ಇದಾರೆ. ಆದ್ರೆ ಮನೆತನದ ಮಗಳು ಎದ್ರೆ ಅದು ಬೇರೆ.” ಮುದುಕಿ ಮೊರ ಕೆಳಗಿಟ್ಟಳು. “ದೊಡ್ಡಾಣೆ ಅಂದ್ರೇನು ಗೊತ್ತಲ್ಲ ನಿಂಗೆ?”

ಬಿರಾಗೊಳಿಗೆ ಗೊತ್ತಿತ್ತು. ಹಿಂದಿನ ಕಾಲದಲ್ಲಿ ಒಂದು ಬುಧವಾರ ಊರಿನ ಅರಸನೊಬ್ಬ ತನ್ನವರೊಡನೆ ಹೊಳೆದಂಡೆಯ ಕಾಳಗದಲ್ಲಿ ಮಡಿದಿದ್ದ. ಆ ಬುಧವಾರದ ಹೆಸರನ್ನು ಊರಿನಲ್ಲಿ ಯಾರೂ ಗಟ್ಟಿಯಾಗಿ ಎತ್ತುವುದಿಲ್ಲ. ಅದರ ಮೇಲೆ ಆಣೆ ಇಟ್ಟರೆ, ಎದುರಿನವನು ಮಾಡುತ್ತಿದ್ದ ಕೆಲಸ ಆ ಕ್ಷಣಕ್ಕೆ ನಿಲ್ಲಬೇಕು. ಅರಸ ಇಬ್ಬರನ್ನೂ ಕರೆಸಿ ನ್ಯಾಯ ಕೇಳಲೇಬೇಕು. ಸೋತವರಿಗೆ ಕುರಿ, ಮದ್ಯ, ದಂಡ. ಅದಕ್ಕಿಂತ ಹೆಚ್ಚಾಗಿ ಊರೆದುರು ಮಾನಭಂಗ. ಸೋದರಸೊಸೆ ಸೋದರಮಾವನ ಮೇಲೆ ಆಣೆ ಇಟ್ಟದ್ದನ್ನು ಬಿರಾಗೊ ಕೇಳಿಯೂ ಇರಲಿಲ್ಲ.

“ಇಡು ಅಂತ ನಾನು ಹೇಳ್ತಿಲ್ಲ,” ಎಂದಳು ನಾನಾ ದುಫಿಯೆ. “ಇಟ್ಟರೆ ನಿನ್ನ ತಾಯಿ ನಿನ್ನ ಮುಖ ನೋಡಲ್ಲ. ಅದನ್ನೂ ಲೆಕ್ಕಕ್ಕೆ ತಗೋ.”

ಬಿರಾಗೊ ಮನೆಗೆ ಬಂದಳು. ನಾಲ್ಕು ದಿನ ಯೋಚಿಸಿದಳು. ಕಡೆಗೆ ಧೈರ್ಯ ಸಾಲಲಿಲ್ಲ. ಮೂರು ಹಾಳೆಯನ್ನೇ ಓದಿಬಿಡುವುದು, ಹಬ್ಬ ಮುಗಿದ ಮೇಲೆ ವಕೀಲರನ್ನು ನೋಡುವುದು ಎಂದು ನಿಶ್ಚಯ ಮಾಡಿಕೊಂಡಳು. ಹಾಗೆ ನಿಶ್ಚಯಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಳ್ಳುತ್ತಲೇ ಹಬ್ಬದ ದಿನ ನೀಟಾಗಿ ಪಟ್ಟೆಪಟ್ಟೆ ನೇಯ್ದ ಕೆಂಟೆ ಬಟ್ಟೆ ಉಟ್ಟು ಹೊರಟಳು.

ಅರಮನೆಯ ಮುಂದಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಅರಸ ನಾನಾ ಅಗ್ಯಾರ್ಕೊ ದೊಡ್ಡ ಛತ್ರಿಯ ಕೆಳಗೆ ಕೂತಿದ್ದ. ಅವನ ಎಡಕ್ಕೆ ರಾಜಮಾತೆ, ಮಾಮೂಲಿ ಬಟ್ಟೆಯಲ್ಲಿ. ಮರದ ಬಂದೂಕು ಎಲ್ಲೂ ಕಾಣಲಿಲ್ಲ. ಬಲಕ್ಕೆ ಕಂಪನಿಯ ಇಬ್ಬರು, ಕಪ್ಪು ಕನ್ನಡಕ, ಬಿಳಿ ಅಂಗಿ. ಡೋಲು, ಕೊಂಬು, ಧೂಳು. ಬಿರಾಗೊಳ ವಿದ್ಯಾರ್ಥಿನಿಯರು ವೇಷ ಹಾಕಿಕೊಂಡು ಸಾಲಾಗಿ ಬಂದರು. ಯಾ ಅಸಾಂತೆವಾ ಆಗಿದ್ದವಳು ಹತ್ತನೇ ತರಗತಿಯ ಪೋಮಾ. ಒಳ್ಳೆಯ ಗಂಟಲು ಅವಳದು. ನೆಹಾಂಡಾ ಆಗಿದ್ದವಳಿಗೆ ಕಂಪನಿಯವರು ಎರಡಳತೆ ದೊಡ್ಡ ಬಟ್ಟೆ ಹೊಲಿಸಿದ್ದರು. ಪಾಪ, ಅದನ್ನು ಎತ್ತಿ ಹಿಡಿದು ನಡೆಯುವುದರಲ್ಲೇ ಅವಳ ವೀರತನವೆಲ್ಲ ಖರ್ಚಾಗುತ್ತಿತ್ತು. ಜನ ನಕ್ಕರು, ಸಿಳ್ಳೆ ಹಾಕಿದರು.

ಬುವಾಚಿ ಮೈಕು ಹಿಡಿದ. “ನಮ್ಮ ಹೆಣ್ಣುಮಕ್ಕಳು ಅಂದ್ರೆ ಸಿಂಹಿಣಿಯರು! ಅಸಾಂಟೆ ಹೆಣ್ಣಿನ ಮುಂದೆ ಇಂಗ್ಲಿಷರೇ ಗಡಗಡ ನಡುಗಿದ್ರು! ಹೆಣ್ಣಿಗೆ ಗೌರವ ಕೊಡೋ ಊರು ನಮ್ಮದು!” ಎಂದು ಗುಡುಗಿದ. ಚಪ್ಪಾಳೆ ಬಿತ್ತು. “ಈಗ ನಮ್ಮ ಅತಿಥಿಗಳು ಈ ವೀರ ಹೆಣ್ಣುಮಕ್ಕಳಿಗೆ ಒಂದು ಕಾಣಿಕೆ ಕೊಡ್ತಾರೆ.”

ಇಬ್ಬರು ಆಳುಗಳು ಕಾಣಿಕೆ ತಂದು ವೇದಿಕೆಯ ಮೇಲೆ ಪೇರಿಸಿದರು. ಪ್ಯಾಕೆಟ್ ನೀರಿನ ಮೂಟೆಗಳು. ಶಾಲೆಗೆ ಒಂದು ವರ್ಷ ಕುಡಿಯುವ ನೀರು ಪುಕ್ಕಟೆ ಎಂದು ಬುವಾಚಿ ಸಾರಿದ. ಕಂಪನಿಯವನು ಒಂದು ಮೂಟೆ ಎತ್ತಿ ಪೋಮಾಳ ಕೈಗೆ ಇಟ್ಟ. ಕ್ಯಾಮೆರಾದವನು, “ನಗಮ್ಮಾ, ಬಂದೂಕು ಮೇಲೆತ್ತು, ನೀರಿನ ಮೂಟೆ ಕಾಣೋ ಹಾಗೆ ಹಿಡಿ,” ಎಂದ. ಪೋಮಾ ಎರಡನ್ನೂ ಒಟ್ಟಿಗೆ ಹಿಡಿಯಲಾರದೆ ತಡವರಿಸಿದಳು. ಅಂಗಿಯ ತೋಳು ಜಾರಿ ಮೊಣಕೈ ಕಂಡಿತು. ಕಜ್ಜಿ ಕೆರೆದು ಕೆರೆದು ಅಲ್ಲಿ ಚರ್ಮ ಕಿತ್ತುಬಂದಿತ್ತು.

ಅಷ್ಟರಲ್ಲಿ ಬಿರಾಗೊಳ ಹೆಸರು ಕೂಗಿದರು.

ಅವಳು ಮೈಕಿನ ಮುಂದೆ ನಿಂತು ಮೊದಲ ಹಾಳೆ ಓದಿದಳು. ಎರಡನೆಯದನ್ನೂ ಅರ್ಧ ಓದಿದಳು. ‘ಆಫ್ರಿಕಾದ ಜೋನ್ ಆಫ್ ಆರ್ಕ್’ ಎಂಬಲ್ಲಿಗೆ ಬಂದಾಗ ದನಿ ನಿಂತಿತು. ಮರೆತಳೆಂದುಕೊಂಡು ಬುವಾಚಿ ಪಕ್ಕದಿಂದ ಆ ಮಾತನ್ನು ಪಿಸುಗುಟ್ಟಿದ. ಇನ್ನೊಮ್ಮೆ ಪಿಸುಗುಟ್ಟಿದ. ಅವಳು ಹಾಳೆಗಳನ್ನು ಮಡಿಸಿದಳು.

“ಇದನ್ನ ನಾನು ಓದಲ್ಲ,” ಎಂದಳು. ಅವಳ ದನಿ ಬಯಲಿನಾಚೆಯ ಸ್ಪೀಕರಿನಿಂದಲೂ ಬಂತು. “ನಮ್ಮ ನೀರು ಕೆಡಿಸೋರ ಕೈಯಿಂದಲೇ ನಮ್ಮ ಮಕ್ಕಳು ನೀರು ಇಸ್ಕೊಂಡು ನಗಬೇಕು. ಯಾ ಅಸಾಂತೆವಾ ವೇಷ ಹಾಕ್ಕೊಂಡು ನಗಬೇಕು! ನಾಚಿಕೆ ಆಗಲ್ವಾ ನಿಮಗೆ? ಆಕೆ ಎದ್ದದ್ದು ಯಾವಾಗ? ಹಿರಿಯರು ಅನ್ನಿಸ್ಕೊಂಡೋರು ಬಾಯಿ ಮುಚ್ಕೊಂಡು ಕೂತಾಗ. ಇವತ್ತೂ ಕೂತಿದೀರಿ. ಆವತ್ತು ಹೆದರಿ ಕೂತಿದ್ರು. ಇವತ್ತು ಶಾಮಿಯಾನದ ನೆರಳಿಗೆ ಕೂತಿದೀರಿ!”

“ಮೈಕು ಕಿತ್ಕೊಳ್ರೋ!” ಎಂದ ಬುವಾಚಿ.

ಯಾರೋ ಮೆಟ್ಟಿಲು ಹತ್ತಿದರು. ಆಗ ಬಿರಾಗೊ ಆ ಬುಧವಾರದ ಹೆಸರು ಹೇಳಿದಳು.

“ಅಕ್ರೋಮಾಸೊದ ದೊಡ್ಡಾಣೆ! ಆ ಬುಧವಾರದ ಆಣೆ! ನನ್ನ ಮಾವ ಬುವಾಚಿ ನಮ್ಮ ಹೊಳೆದಂಡೆಯ ನೆಲ ಕೊಡೋ ಹಾಗಿಲ್ಲ, ಒಂದು ಯಂತ್ರ ಅಲ್ಲಿಗೆ ಇಳಿಯೋ ಹಾಗಿಲ್ಲ!”

ಡೋಲು ನಿಂತಿತು. ಕೊಂಬು ನಿಂತಿತು. ಮೆಟ್ಟಿಲು ಹತ್ತಿದ್ದವನು ಅಲ್ಲಿಂದಲೇ ಹಿಂದಕ್ಕೆ ಇಳಿದ. ಆಣೆ ಇಟ್ಟವರ ಮೈ ಮುಟ್ಟುವಂತಿಲ್ಲ. ಅರಸನ ವಕ್ತಾರ ಚಿನ್ನದ ಹಿಡಿಯ ದಂಡ ಹಿಡಿದು ಎದ್ದು ಬಂದ. “ಮಗಳೇ, ಏನಂದೆ? ತಿಳಿದು ಅಂದೆಯಾ?” ಎಂದು ಕೇಳಿದ. ಅವಳು ಮತ್ತೆ ಹೇಳಿದಳು. ಅವನು ಮೂರನೇ ಸಲ ಕೇಳಿದಾಗ ಅವಳ ದನಿ ಒಡೆದಿತ್ತು, ಆದರೂ ಹೇಳಿದಳು. ಹೆಂಗಸರ ಗುಂಪಿನಲ್ಲಿ ಯಾರೋ ಗೋಳಿಟ್ಟರು. ಅದು ಅವಳ ತಾಯಿ. “ಅಯ್ಯೋ ನನ್ನ ಹೊಟ್ಟೆಯೇ! ಅಣ್ಣನ ಮೇಲೆ ಆಣೆ ಇಟ್ಟುಬಿಟ್ಟಳಲ್ಲೋ!” ಎಂದು ತಲೆವಸ್ತ್ರ ಕಿತ್ತು ಎಸೆದಳು.

ಕಂಪನಿಯವರಿಗೆ ಏನೂ ಅರ್ಥವಾಗದೆ ಅವರು ನಗುಮುಖದಲ್ಲೇ ಕೂತಿದ್ದರು. ಅರಸ ಎದ್ದು ಒಳಗೆ ಹೋದ. ಹಬ್ಬ ಅಲ್ಲಿಗೇ ನಿಂತಿತು.

ಒಂಬತ್ತನೆಯ ದಿನ ಬೆಳಗ್ಗೆ ಅರಮನೆಯ ತೊಟ್ಟಿಯಲ್ಲಿ ನ್ಯಾಯ ಕೂಡಿತು. ಬುವಾಚಿ ಹೆಗಲಿನ ಬಟ್ಟೆ ಇಳಿಸಿ, ಕಪ್ಪು ಬಟ್ಟೆಯಲ್ಲಿ ಬಂದಿದ್ದ. ಬಿರಾಗೊ ಅವನ ಎದುರಿಗೆ ಬರಿಗಾಲಲ್ಲಿ ನಿಂತಳು. ಹಿರಿಯರು ಒಬ್ಬೊಬ್ಬರಾಗಿ ಅವಳನ್ನು ತರಾಟೆಗೆ ತೆಗೆದುಕೊಂಡರು. ಒಬ್ಬ ಬೊಕ್ಕಬಾಯಿಯವನು, “ಪುಸ್ತಕದ ಹೆಂಗಸರ ಕಥೆ ಓದಿ ಇವಳ ತಲೆ ತಿರುಗಿದೆ. ಗಂಡನೂ ಇಲ್ಲ, ಹೇಳೋರು ಕೇಳೋರು ಇಲ್ಲ,” ಎಂದಾಗ ಗಂಡಸರೆಲ್ಲ ನಕ್ಕರು. ಬಿರಾಗೊಳ ಗಂಡ ಸತ್ತು ಆರು ವರ್ಷವಾಗಿತ್ತು. ನಕ್ಕವರಲ್ಲಿ ಮೂವರು ಅವನ ಶವ ಹೊತ್ತವರು.

“ನನ್ನ ಗಂಡನ ಸುದ್ದಿ ಬಿಡಿ ಹಿರೀಕರೇ,” ಎಂದಳು. “ಒಂದೇ ಮಾತು ಕೇಳ್ತೀನಿ. ನೆಲ ಕೊಡೋಕೆ ಮುಂಚೆ ಮಾವ ಮನೆತನದ ಯಾವ ಹೆಂಗಸನ್ನ ಕೇಳಿದ? ಅವಳ ಹೆಸರು ಹೇಳಲಿ. ಒಂದೇ ಒಂದು ಹೆಸರು.”

ಬುವಾಚಿ ಗಂಟಲು ಸರಿಮಾಡಿಕೊಂಡ. “ನನ್ನ ತಂಗಿಗೆ ಗೊತ್ತಿತ್ತು. ಅವಳ ಒಪ್ಪಿಗೆ ಇದೆ.”

ಅರಸನ ಎಡಗಡೆ ಕೂತಿದ್ದ ನಾನಾ ದುಫಿಯೆ ಮುಂದಕ್ಕೆ ಬಾಗಿದಳು. “ಅಮ್ಮಾಕೊವಾನ ಕರೀರಿ,” ಎಂದಳು.

ತಾಯಿ ಬಂದಳು. ಆ ಒಂಬತ್ತು ದಿನವೂ ಅವಳು ಮಗಳ ಜೊತೆ ಮಾತಾಡಿರಲಿಲ್ಲ. ಅಡುಗೆ ಮಾಡಿಟ್ಟು ಹೊರಗೆ ಹೋಗಿ ಕೂತುಬಿಡುತ್ತಿದ್ದಳು. ಈಗಲೂ ಮಗಳ ಕಡೆ ನೋಡಲಿಲ್ಲ. ಅಣ್ಣನ ಪಕ್ಕಕ್ಕೆ ಹೋಗಿ ನಿಂತಳು. ಮುಗಿಯಿತು ಅಂದುಕೊಂಡಳು ಬಿರಾಗೊ.

“ನೆಲ ಕೊಡೋ ಮುಂಚೆ ನಿನ್ನನ್ನ ಕೇಳಿದ್ನಾ?” ಎಂದಳು ರಾಜಮಾತೆ.

ಅಮ್ಮಾಕೊವಾ ತಲೆವಸ್ತ್ರದ ಗಂಟು ಬಿಗಿದುಕೊಂಡಳು.

“ಇಲ್ಲ ನಾನಾ.”

“ಅಮ್ಮಾಕೊವಾ!” ಎಂದ ಬುವಾಚಿ.

“ಇಲ್ಲ ಅಣ್ಣಾ. ಕೇಳ್ಲಿಲ್ಲ ನೀನು.” ಅವಳ ದನಿ ಏರಿತು. “ಕೇಳಿದ್ರೆ ಹೂಂ ಅಂತಿದ್ದೆ! ನೀನು ನಮ್ಮಣ್ಣ, ನಿನಗೆ ಯಾವತ್ತು ಇಲ್ಲ ಅಂದಿದೀನಿ? ಬಾಗಿಲಲ್ಲಿ ನಿಂತು ಒಂದು ಮಾತು, ಅಮ್ಮಾಕೊವಾ ಹೀಗೆ ಮಾಡ್ತಿದೀನಿ ಕಣೇ ಅಂದಿದ್ರೆ ಸಾಕಿತ್ತು. ಆ ಮರಗಳ ಕೆಳಗೆ ಹೆತ್ತಿದೀನಿ ನಾನು, ಮೂರನ್ನ ಹೂತಿದೀನಿ. ಬಣ್ಣ ಬಳಿಯೋಕೆ ಬಂದ ಹುಡುಗರು ನನ್ನನ್ನ ಏ ಮುದುಕಿ ಆಚೆ ಹೋಗು ಅಂದ್ರು. ನನ್ನ ತೋಟದಲ್ಲಿ! ಅದು ನಿನಗೆ ಗೊತ್ತಾ?” ಅವಳು ಮಗಳ ಕಡೆ ತಿರುಗಿದಳು. ಕಣ್ಣು ಕೆಂಡವಾಗಿತ್ತು. “ನೀನೂ ಅಷ್ಟೇ! ಆಣೆ ಇಡೋ ಮುಂಚೆ ನನ್ನನ್ನ ಕೇಳಿದ್ಯಾ? ನೀನೂ ಕೇಳ್ಲಿಲ್ಲ!”

ತೊಟ್ಟಿಯಲ್ಲಿ ಯಾರೂ ನಗಲಿಲ್ಲ. ನಿಜವೇ ಆಗಿತ್ತು. ಬಿರಾಗೊ ಕೂಡ ಕೇಳಿರಲಿಲ್ಲ.

ತೀರ್ಪು ಮಧ್ಯಾಹ್ನಕ್ಕೆ ಬಂತು. ಮನೆತನದ ಹೆಂಗಸರನ್ನು ಕೇಳದೆ ಹಾಕಿದ ಸಹಿ ಸಹಿಯೇ ಅಲ್ಲ ಎಂದಿತು ಸಭೆ. ಬುವಾಚಿ ಎರಡು ಕುರಿ, ಮದ್ಯ ತರಬೇಕು, ಯಜಮಾನಿಕೆ ಬಿಡಬೇಕು. ಹಬ್ಬದ ದಿನ, ಅತಿಥಿಗಳೆದುರು ಆಣೆ ಇಟ್ಟು ಊರಿನ ಮುಖಕ್ಕೆ ಮಸಿ ಬಳಿದದ್ದಕ್ಕೆ ಬಿರಾಗೊಳೂ ಒಂದು ಕುರಿ ತರಬೇಕು. ಅವಳು ಒಪ್ಪಿಕೊಂಡಳು. ಬುವಾಚಿ ಹೊರಗೆ ಹೋಗುವಾಗ ಅವಳ ಪಕ್ಕದಲ್ಲೇ ಹಾದುಹೋದ. “ನಿನ್ನನ್ನ ಓದಿಸಿದ್ದು ಇದಕ್ಕೇನೇ?” ಎಂದು ಕೇಳಿದ. ಚಿಕ್ಕಂದಿನಲ್ಲಿ ತನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದ ಮನುಷ್ಯ. ಆ ಹೊತ್ತಿನಲ್ಲಿ ಅವನ ಮೇಲೆ ಅವಳಿಗೆ ಮರುಕ ಬಂತು. ಸಿಟ್ಟು ಮಾತ್ರ ಒಂದು ಎಳೆಯೂ ಕಡಿಮೆಯಾಗಲಿಲ್ಲ.

ಗೂಟಗಳನ್ನು ಕಿತ್ತರು. ಕೋಕೋ ಮರಗಳ ಮೇಲಿನ ಬಣ್ಣ ಹೋಗಲಿಲ್ಲ. ಮೇಲ್ಗಡೆಯ ಊರುಗಳಲ್ಲಿ ಯಂತ್ರಗಳು ಅಗೆಯುತ್ತಲೇ ಇದ್ದವು. ಹೊಳೆ ಅದೇ ಬಣ್ಣದಲ್ಲಿ ಹರಿಯುತ್ತಿತ್ತು. ಪೋಮಾ ಮತ್ತು ಉಳಿದ ಹುಡುಗಿಯರ ತಾಯಂದಿರು ನೀರಿನ ಮೂಟೆಗಳನ್ನು ಹೊತ್ತುಕೊಂಡು ಹೋಗಿ ಕಂಪನಿಯ ಶೆಡ್ಡಿನ ಬಾಗಿಲಿಗೆ ಎಸೆದು ಬಂದರು ಎಂದು ಬಿರಾಗೊಳಿಗೆ ತರಗತಿಯಲ್ಲಿ ಗೊತ್ತಾಯಿತು. ಅವಳನ್ನು ಯಾರೂ ಕೇಳಿರಲಿಲ್ಲ. ಅದಕ್ಕೆ ಅವಳಿಗೆ ಸಂತೋಷವೇ ಆಯಿತು.

ತಿಂಗಳ ಕೊನೆಗೆ ಮೇಲ್ಗಡೆಯ ಊರಿನಿಂದ ಐದು ಮಂದಿ ಹೆಂಗಸರು ಮರಗೆಣಸಿನ ಗೋಣಿ ಹೊತ್ತು ನಾನಾ ದುಫಿಯೆಯ ಅಂಗಳಕ್ಕೆ ಬಂದರು. ಅವರ ನೆಲ ಆಗಲೇ ಅರ್ಧ ಗುಂಡಿಯಾಗಿತ್ತು. ಆಣೆ ಇಡುವುದು ಹೇಗೆ, ನ್ಯಾಯದಲ್ಲಿ ಏನೇನು ಕೇಳುತ್ತಾರೆ ಎಂದು ತಿಳಿಯಬೇಕಿತ್ತು. ಮುದುಕಿ ಬಿರಾಗೊಳಿಗೆ ಹೇಳಿಕಳಿಸಿದಳು.

ಬಿರಾಗೊ ಬರುವುದನ್ನು ಕಂಡು ಅವರಲ್ಲೊಬ್ಬಳು ಎದ್ದು ಎರಡೂ ಕೈ ಹಿಡಿದುಕೊಂಡಳು. “ಬಾ ತಾಯೀ, ನಮ್ಮ ಕಾಲದ ಯಾ ಅಸಾಂತೆವಾ ನೀನು!” ಎಂದಳು.

“ಅನ್ಬೇಡಿ ಅಕ್ಕಾ,” ಎಂದಳು ಬಿರಾಗೊ. ದನಿ ಅವಳು ಎಣಿಸಿದ್ದಕ್ಕಿಂತ ಒರಟಾಗಿ ಬಂತು. “ನನ್ನನ್ನ ಯಾರಿಗೂ ಹೋಲಿಸ್ಬೇಡಿ. ಕೂತ್ಕೊಳಿ. ಮೊದಲು ನಿಮ್ಮ ಮನೇಲಿ ಹಿರಿ ಹೆಂಗಸು ಯಾರಿದಾರೆ, ಅವರನ್ನ ಕೇಳಿ ಬಂದಿದೀರಾ ಅದನ್ನ ಹೇಳಿ.”

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲ ಎಂದಳು ಒಬ್ಬಳು.

“ಹಾಗಾದ್ರೆ ಎದ್ದೇಳಿ,” ಎಂದು ಬಿರಾಗೊ ಚಪ್ಪಲಿ ಮೆಟ್ಟಿಕೊಂಡಳು. “ಹೋಗಿ ಕೇಳೋಣ. ನಾನೂ ಬರ್ತೀನಿ.”